ಅಪ್ಡೇಟ್ ಮೇಲೊಂದು ಆರೋಪ

“ತಮಾ, ನೀ ಅಪ್ಡೇಟ್ ಮಾಡಿಕ್ ಹೋದ್ಮೇಲೇ ಹಿಂಗ್ ಆಯ್ದು.”

ಹೊನ್ನಾವರದಿಂದ ಅಕ್ಕನ ಫೋನು. ಚೌತಿಗೆ ಊರಿಗೆ ಹೋದಾಗ ಅವಳ ಲ್ಯಾಪ್‌ಟಾಪಿನಲ್ಲಿ ಕ್ರೋಮ್ ಅಪ್ಡೇಟ್ ಮಾಡಿದವನು ನಾನೇ. ಅಕ್ಕ ಅದರಲ್ಲೇ ಏಳು ಮಕ್ಕಳಿಗೆ ಹಿಂದೂಸ್ತಾನಿ ಗಾಯನ ಹೇಳಿಕೊಡ್ತಾಳೆ. ಅವಳದ್ದೇ ಅಂತ ಇರುವ ಸಂಪಾದನೆ ಅದೊಂದೇ. ಈಗ ಆಲಾಪದ ನಡುವೆ ದನಿ ತುಂಡಾಗ್ತಿತ್ತು, ಚಿತ್ರ ನಿಂತುಬಿಡ್ತಿತ್ತು, ಫ್ಯಾನಿನ ಸದ್ದು ತಂಬೂರಿಯನ್ನೇ ಮುಚ್ಚಿಹಾಕ್ತಿತ್ತು.

ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸಂಬಂಧ ಇಲ್ಲ ಅಂದೆ. 2021ರಲ್ಲೇ ಕ್ರೋಮ್ ನಾಲ್ಕು ವಾರಕ್ಕೊಂದು ಹೊಸ ಆವೃತ್ತಿ ಬಿಡಲು ಶುರುಮಾಡಿತ್ತು. ಹಾಗಿದ್ದಾಗ ಲ್ಯಾಪ್‌ಟಾಪ್ ಯಾವ ದಿನ ಕೆಟ್ಟರೂ ಹಿಂದಿನ ತಿಂಗಳಲ್ಲಿ ಒಂದು ಅಪ್ಡೇಟ್ ಸಿಕ್ಕೇ ಸಿಗುತ್ತದೆ. ವಾದವೇನೋ ಚೆನ್ನಾಗಿಯೇ ಇತ್ತು. ಕೊನೆಗೆ ನಮ್ಮಂಥವರ ಬಾಯಲ್ಲಿ ಸದಾ ರೆಡಿ ಇರುವ ಮಾತನ್ನೂ ಸೇರಿಸಿದೆ: “ನಾಲ್ಕು ಜಿಬಿ ರ‍್ಯಾಮು, ಹಳೇದಾಯ್ತು, ಹೊಸದು ತಗೋ.” ಅಕ್ಕ ಫೋನಿಟ್ಟಳು. ದೀಪಾವಳಿಯ ಹೊತ್ತಿಗೆ ಇಬ್ಬರು ಮಕ್ಕಳು ಪಾಠ ಬಿಟ್ಟಿದ್ದರು.

ಹಬ್ಬಕ್ಕೆ ಹೋದವನು ಮೊದಲು ಬ್ರೌಸರ್ ಮುಚ್ಚಿ ಹತ್ತು ನಿಮಿಷ ಸುಮ್ಮನೆ ಕೂತೆ. ಲ್ಯಾಪ್‌ಟಾಪ್ ಆಗಲೂ ಕಾದೇ ಇತ್ತು. ಅಂದರೆ ಎಲ್ಲ ತಪ್ಪೂ ಬ್ರೌಸರಿನದಲ್ಲ. ಮಳೆಗಾಲದುದ್ದಕ್ಕೂ ಅದನ್ನು ಹಾಸಿಗೆಯ ಕಂಬಳಿ ಮೇಲಿಟ್ಟೇ ಪಾಠ ನಡೆದಿತ್ತು. ರಿಪೇರಿ ಅಂಗಡಿಯಲ್ಲಿ ಬಿಚ್ಚಿಸಿದರೆ ಫ್ಯಾನಿನೊಳಗೆ ಧೂಳು, ಕಂಬಳಿಯ ಜುಂಗು, ಕಡಲ ಬದಿಯ ಥಂಡಿಗೆ ಎಲ್ಲ ಸೇರಿ ಅಂಟಿಕೊಂಡಿತ್ತು. ಒರೆಸಿದ ಮೇಲೆ ಸದ್ದು ಇಳಿಯಿತು. ನಾನು ಗೆದ್ದೆ ಅಂದುಕೊಂಡೆ.

ಸಂಜೆ ಪಾಠ ಮತ್ತೆ ನಿಂತಿತು.

ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಕ್ರೋಮಿನದೇ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ, ಯಾವ ಟ್ಯಾಬ್ ಎಷ್ಟು ತಿನ್ನುತ್ತಿದೆ ಅಂತ ಕಾಣುತ್ತದೆ. ಪಾಠದ ಟ್ಯಾಬ್ ಪ್ರೊಸೆಸರನ್ನು ಪೂರ್ತಿ ಹಿಡಿದು ಕೂತಿತ್ತು. ಆಮೇಲೆ ವಿಳಾಸದ ಜಾಗದಲ್ಲಿ ‘ಕ್ರೋಮ್://ಜಿಪಿಯು’ ಅಂತ ಇಂಗ್ಲಿಷಿನಲ್ಲಿ ಹೊಡೆದು ನೋಡಿದೆ. ಪಟ್ಟಿಯಲ್ಲಿ ಸಾಲು ಸಾಲಾಗಿ ‘ಸಾಫ್ಟ್‌ವೇರ್ ಓನ್ಲಿ’. ಗ್ರಾಫಿಕ್ಸ್ ಡ್ರೈವರ್ ತೀರಾ ಹಳೆಯದಾದರೆ ಬ್ರೌಸರ್ ಅದನ್ನು ನಂಬದೆ ಆ ಚಿಪ್ಪನ್ನೇ ಬದಿಗಿಡುವುದುಂಟು. ಆಗ ವಿಡಿಯೋದ ಹೊರೆಯೆಲ್ಲ ಪ್ರೊಸೆಸರ್ ತಲೆಗೆ ಬೀಳುತ್ತದೆ. ಚೌತಿಯವರೆಗೆ ನಡೆದದ್ದು ಆಮೇಲೆ ನಿಂತಿತು ಅನ್ನುವಾಗ ನನ್ನ ಕಾಗೆ ಅಷ್ಟೇನೂ ನಿರಪರಾಧಿ ಆಗಿರಲಿಲ್ಲ.

ಕ್ರೋಮ್ ಬಗ್ಗೆ ನನ್ನ ತಕರಾರು ಇರುವುದು ಇಲ್ಲಿ. ಒಂದು ಟ್ಯಾಬ್ ಬಿದ್ದರೆ ಉಳಿದವು ಬೀಳಬಾರದು ಅಂತ 2008ರಲ್ಲೇ ಅದು ಟ್ಯಾಬುಗಳನ್ನು ಬೇರೆ ಬೇರೆ ಪ್ರೋಸೆಸ್ ಮಾಡಿತು. 2018ರಲ್ಲಿ ಸ್ಪೆಕ್ಟರ್ ಎಂಬ ದೋಷ ಬಯಲಾದ ಮೇಲೆ ಒಂದೊಂದು ಸೈಟಿಗೂ ಗೋಡೆ ಕಟ್ಟಿತು. ಅದಕ್ಕೆ ಸುಮಾರು ಶೇ. 10ರಷ್ಟು ಮೆಮೊರಿ ಹೆಚ್ಚು ಬೇಕು ಅಂತ ಗೂಗಲ್ಲೇ ಹೇಳಿತ್ತು. ಎರಡೂ ಸರಿಯಾದ ನಿರ್ಧಾರವೇ. ಅಕ್ಕನ ಬ್ಯಾಂಕ್ ವ್ಯವಹಾರವೂ ಅದರಲ್ಲೇ ನಡೆಯುವುದರಿಂದ ಅಪ್ಡೇಟ್ ನಿಲ್ಲಿಸು ಅಂತ ನಾನು ಹೇಳಲಾರೆ. (ವಿಂಡೋಸ್ 7 ಇಟ್ಟುಕೊಂಡವರಿಗೆ ಆ ಆಯ್ಕೆಯೂ ಉಳಿದಿಲ್ಲ, 2023ರ ಫೆಬ್ರವರಿಯಲ್ಲಿ ಬಂದ 110ನೇ ಆವೃತ್ತಿ ಅವರನ್ನು ಹೊರಗಿಟ್ಟೇ ಬಂತು.) ಆದರೆ ಗೋಡೆಯ ಖರ್ಚು ಹದಿನಾರು ಜಿಬಿಯ ನನಗೆ ಗೊತ್ತೇ ಆಗೋದಿಲ್ಲ, ನಾಲ್ಕು ಜಿಬಿಯ ಅಕ್ಕನಿಗೆ ಅದೇ ದೊಡ್ಡ ಹೊರೆ. ಇನ್ನು ಅಪ್ಡೇಟ್ ಬಾಕಿ ಇದೆ ಅಂತ ಮೂಲೆಯಲ್ಲಿ ಕೆಂಪಾಗಿ ಕೂಗುವ ಬ್ರೌಸರ್, ‘ನಿಮ್ಮ ಗ್ರಾಫಿಕ್ಸ್ ಬಳಸೋದು ಬಿಟ್ಟಿದ್ದೇನೆ, ಡ್ರೈವರ್ ಹಳೇದು’ ಅಂತ ಒಂದು ಸಾಲು ಹೇಳುವುದಿಲ್ಲ. ಅದನ್ನು ಗುಟ್ಟಿನ ವಿಳಾಸದಲ್ಲಿ ಇಟ್ಟಿದೆ. ಸಂಗೀತದ ಮೇಷ್ಟ್ರು ಅದನ್ನು ಹುಡುಕಿಕೊಂಡು ಹೋಗಬೇಕಂತೆ!

ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಹೊಸ ಡ್ರೈವರ್ ಇಳಿಸಿ ಹಾಕಿದೆ. ಪಟ್ಟಿಯ ಅರ್ಧಕ್ಕರ್ಧ ಸಾಲು ಹಸಿರಾಯಿತು, ಮರುದಿನ ಯಮನ್ ಕೊನೆಯವರೆಗೆ ನಡೆಯಿತು. ಬಿಟ್ಟ ಇಬ್ಬರಲ್ಲಿ ಒಬ್ಬಳು ವಾಪಸ್ ಬಂದಿದ್ದಾಳೆ. ಇನ್ನೊಬ್ಬ ಬೇರೆ ಕಡೆ ಸೇರಿದ್ದಾನಂತೆ.

ಮೊನ್ನೆ ಮತ್ತೆ ಫೋನು.

“ತಮಾ, ಅಪ್ಡೇಟ್ ಹೇಳಿ ಕೇಳ್ತಾ ಇದ್ದು. ಒತ್ಲಾ?”

“ಪಾಠ ಎಷ್ಟೊತ್ತಿಗೆ?” ಅಂದೆ.

“ಆರಕ್ಕೆ.”

“ಪಾಠ ಮುಗಿಸ್ಕೊಂಡು ಒತ್ತು. ನಾನು ಫೋನಲ್ಲೇ ಇರ್ತೆ.”