ಸಪಾಟು ಮಗ್ಗುಲ ಸೊಗಸು: ಕಸಿ ಚಾಕುವಿನ ರಸಿಕರಿಗೊಂದು ಕೈಪಿಡಿ

ಕಸಿ ಚಾಕುವನ್ನು ಮೊದಲ ಸಲ ಕೈಗೆತ್ತಿಕೊಂಡವರ ಕಣ್ಣು ಹೋಗುವುದು ಮಿರುಗುವ ಇಳಿಜಾರಿನ ಕಡೆಗೇ. ಅಲಗಿನ ಒಂದು ಮಗ್ಗುಲಲ್ಲಿ, ಬಾಯಿಯ ಉದ್ದಕ್ಕೂ, ಸಾಣೆಕಲ್ಲು ತಾಗಿ ಬೆಳ್ಳಗಾದ ಒಂದು ಪಟ್ಟಿ ಇರುತ್ತದೆ. ಮಸೆದವರ ಶ್ರಮವೆಲ್ಲ ಅಲ್ಲಿಯೇ ಇದೆ ಎಂದು ತೋರುವುದು ಸಹಜ. ಚಾಕು ಮಗುಚಿದರೆ ಇನ್ನೊಂದು ಮಗ್ಗುಲು ಬೆನ್ನಿನಿಂದ ಬಾಯಿಯವರೆಗೆ ಒಂದೇ ಮಟ್ಟ. ಇಳಿಜಾರಿಲ್ಲ, ಗೆರೆಯಿಲ್ಲ, ನೋಡಲು ಏನೂ ಇಲ್ಲವೆಂಬಂತೆ ಸಪಾಟು. ಹೊಸ ರಸಿಕರಿಗೆ ಹೇಳಬೇಕಾದ ಮೊದಲ ಮಾತು ಇದೇ: ಚಾಕುವಿನ ಯೋಗ್ಯತೆ ಈ ಬೋಳು ಮಗ್ಗುಲಲ್ಲಿದೆ. ಇಳಿಜಾರು ಅದರ ಆಳು. ಒಂದೇ ಮಗ್ಗುಲಿಗೆ ಇಳಿಜಾರಿರುವ ಯಾವ ಹತ್ಯಾರನ್ನಾದರೂ ತೆಗೆದುಕೊಳ್ಳಿ, ಬಡಗಿಯ ಉಳಿಯಾಗಲಿ ಬಾಚಿಯಾಗಲಿ, ಈ ಮಾತು ನಿಲ್ಲುತ್ತದೆ. ಆದರೆ ಅದು ಎದ್ದು ಕಾಣುವುದು ಮಾವಿನ ಕಸಿಯಲ್ಲಿ. ಹೊಯ್ಸಳರ ಶಾಸನಗಳು ರಾಜ್ಯದ ಮೂಡಣ ಗಡಿಯೆಂದು ಹೆಸರಿಸುವ ನಂಗಲಿಯಿಂದ ವಾಯವ್ಯಕ್ಕೆ ಶ್ರೀನಿವಾಸಪುರದವರೆಗೆ ಹರಡಿರುವ ತೋಪುಗಳಲ್ಲಿ ಬಾದಾಮಿ, ತೋತಾಪುರಿ, ಬೇನಿಷಾ, ಮಲ್ಲಿಕಾ ಎಂದು ಹೆಸರು ಹಿಡಿದು ಕರೆಯಬಹುದಾದ ಮರಗಳೆಲ್ಲ ಒಂದಲ್ಲ ಒಂದು ದಿನ ಕಸಿಯ ಅಲಗಿನ ಕೆಳಗೆ ಹಾದು ಬಂದವು. ವಾಟೆ ನೆಟ್ಟರೆ ಗಿಡವೇನೋ ಹುಟ್ಟುತ್ತದೆ. ಬಾದಾಮಿಯ ವಾಟೆಯಿಂದ ಬಾದಾಮಿಯೇ ಬಂದೀತೆಂದು ನಂಬಿ ಕೂರುವಂತಿಲ್ಲ.

ಹರಿತವಾಗಿದ್ದರೆ ಸಾಲದೇ, ಸಪಾಟಿನ ಹಟವೇಕೆ ಎಂಬ ಪ್ರಶ್ನೆಗೆ ಉತ್ತರ ಕಡ್ಡಿಯ ಮೇಲೆಯೇ ಇದೆ. ಮೆದುಕಾಂಡದ ಕಸಿಯಲ್ಲಿ ಪೆನ್ಸಿಲ್ ಗಾತ್ರದ ಕುಡಿಕಡ್ಡಿಯ ಬುಡವನ್ನು 4–5 ಸೆಂಟಿಮೀಟರ್ ಉದ್ದಕ್ಕೆ ಎರಡೂ ಕಡೆಯಿಂದ ಕೊಯ್ದು ಬೆಣೆಯ ಆಕಾರಕ್ಕೆ ತರುತ್ತಾರೆ. ನಾಟಿ ಗಿಡದ ತಲೆ ಕತ್ತರಿಸಿ, ಕಾಂಡವನ್ನು ನಡುವೆ ಸೀಳಿ, ಬೆಣೆಯನ್ನು ಅದರೊಳಗೆ ಇಳಿಸಿ, ಪಾಲಿಥಿನ್ ಪಟ್ಟಿ ಸುತ್ತುತ್ತಾರೆ. ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ತೆಳ್ಳನೆಯ ಹಸಿ ಪದರ, ಅಂದರೆ ಕ್ಯಾಂಬಿಯಂ, ಕಡ್ಡಿಯದೂ ನಾಟಿ ಗಿಡದ್ದೂ ಒಂದಕ್ಕೊಂದು ತಾಗಿದರೆ ಮಾತ್ರ ಗಾಯ ಕೂಡಿಕೊಂಡು ನೀರು ಮೇಲೇರುತ್ತದೆ. ಬೆಣೆಯ ಮುಖ ಚಮಚದಂತೆ ತಗ್ಗಾಗಿದ್ದರೆ ನಡುವೆ ಪೊಳ್ಳು ಉಳಿಯುತ್ತದೆ. ಉಬ್ಬಿದ್ದರೆ ಅಂಚು ತಾಗದೆ ಬಾಯಿಬಿಡುತ್ತದೆ. ಗಿಡ ಆ ಸಂದನ್ನು ಹೊಸ ಜೀವಕೋಶಗಳಿಂದ ತುಂಬಲು ಹೆಣಗುತ್ತದೆ. ಅದು ತುಂಬುವ ಮುಂಚೆ ಕಡ್ಡಿ ಒಣಗಿದರೆ ಅಲ್ಲಿಗೆ ಕತೆ ಮುಗಿಯಿತು. ಗಡಿಯಾಚೆಯ ತೆಲುಗರು ಕಸಿಗೆ ‘ಅಂಟು’ ಎನ್ನುತ್ತಾರೆ. ನಮ್ಮ ಮಾತು ಕಿವಿಗೆ ಕಸಿದುಕೊಳ್ಳುವುದನ್ನು ನೆನಪಿಸಿದರೆ, ಅವರದು ಅಂಟಿಕೊಳ್ಳುವುದನ್ನು ನೆನಪಿಸುತ್ತದೆ. ಈ ಒಂದು ವಿಷಯದಲ್ಲಿ ಅವರ ಮಾತೇ ಕೆಲಸಕ್ಕೆ ಹತ್ತಿರ ಎನ್ನಬೇಕು.

ಈಗ ಅಲಗಿನ ನಡೆಯನ್ನು ನೋಡಿ. ಉಳಿಯಬೇಕಾದ ಕಡ್ಡಿಯ ಕಡೆಗೆ ಸಪಾಟು ಮಗ್ಗುಲು, ಉದುರಬೇಕಾದ ಚಕ್ಕೆಯ ಕಡೆಗೆ ಇಳಿಜಾರು. ಚಕ್ಕೆ ಮೇಲೇಳುತ್ತಾ ಇಳಿಜಾರನ್ನು ಒತ್ತುತ್ತದೆ. ಆ ಒತ್ತಡ ಸಪಾಟು ಮಗ್ಗುಲನ್ನು ಕಡ್ಡಿಗೆ ಅಮರಿಸುತ್ತದೆ. ಈಗಷ್ಟೇ ಕೊಯ್ದ ಮುಖವೇ ಮುಂದಿನ ಕೊಯ್ತಕ್ಕೆ ದಾರಿ ತೋರುವ ಹಲಗೆಯಾಗುತ್ತದೆ. ಎರಡೂ ಮಗ್ಗುಲಿಗೆ ಇಳಿಜಾರಿರುವ ಅಡುಗೆಮನೆಯ ಚಾಕುವಿಗೆ ಇಂಥ ಆಸರೆಯಿಲ್ಲ. ಅದು ಬಾಯಂಚಿನ ಸಣ್ಣ ಇಳಿಜಾರಿನ ಮೇಲೆ ಜೋಲಿ ಹೊಡೆಯುತ್ತಾ ಒಮ್ಮೆ ಒಳಗೆ ಅಗೆಯುತ್ತದೆ, ಒಮ್ಮೆ ಹೊರಗೆ ಜಾರುತ್ತದೆ. ಕೋನದ ಲೆಕ್ಕವೂ ಇದೆ: ಎರಡೂ ಕಡೆ 20 ಡಿಗ್ರಿಯಂತೆ ಮಸೆದರೆ ಬಾಯಿ ಒಟ್ಟು 40 ಡಿಗ್ರಿ, ಒಂದೇ ಕಡೆ 25 ಡಿಗ್ರಿ ಮಸೆದರೆ ಒಟ್ಟೂ 25 ಡಿಗ್ರಿಯೇ. ಪಳಗಿದ ಕಸಿಗಾರರ ಕೆಲಸ ನೋಡುವಾಗ ಇನ್ನೊಂದನ್ನು ಗಮನಿಸಬೇಕು. ಬೆಣೆಯ ಎರಡನೆಯ ಮುಖ ಕೊಯ್ಯುವಾಗ ಅವರು ಚಾಕುವನ್ನು ಮಗುಚುವುದಿಲ್ಲ, ಕಡ್ಡಿಯನ್ನು ಹೊರಳಿಸುತ್ತಾರೆ. ಪ್ರತಿ ಮುಖಕ್ಕೂ ಒಂದೇ ಎಳೆತ. ಎರಡನೆಯ ಸಲ ಕೆರೆದು ಸರಿಮಾಡಲು ಹೊರಟರೆಂದರೆ ಮೊದಲ ಎಳೆತ ಸಪಾಟಾಗಿರಲಿಲ್ಲ ಎಂದೇ ಅರ್ಥ.

ಇದೇ ತತ್ವದ ಇನ್ನೊಂದು ಮುಖ ಬಾಣದ ಮೊನೆಯಲ್ಲಿದೆ. ಬಿಲ್ಲುಬೇಟೆಗೆ ಕಾನೂನಿನ ಅನುಮತಿಯಿರುವ ಅಮೆರಿಕದಂಥ ನಾಡುಗಳಲ್ಲಿ ಎರಡು ಅಂಚಿನ ಕೆಲವು ಅಗಲ ಮೊನೆಗಳನ್ನು ಒಂದೊಂದು ಅಂಚಿಗೆ ಒಂದೊಂದು ಮುಖದಲ್ಲಿ ಮಾತ್ರ ಮಸೆಯುತ್ತಾರೆ. ಈ ಅಂಚಿನ ಇಳಿಜಾರು ಆ ಮುಖಕ್ಕೆ, ಆ ಅಂಚಿನದು ಈ ಮುಖಕ್ಕೆ. ಕಸಿ ಚಾಕುವಿನ ಒಂಟಿ ಅಲಗನ್ನು ಪಕ್ಕಕ್ಕೆ ತಳ್ಳುವ ಅದೇ ಒತ್ತಡ ಅಲ್ಲಿ ಎರಡು ಕಡೆಯಿಂದ ಎದುರುಬದುರಾಗಿ ಬಿದ್ದು ಮೊನೆಯನ್ನು ತಿರುಪಿನಂತೆ ತಿರುಗಿಸುತ್ತದೆ. ಬಾಣದ ಗರಿಗಳ ಸುರುಳಿಯೂ ಅದೇ ದಿಕ್ಕಿಗಿರಬೇಕು, ಇಲ್ಲದಿದ್ದರೆ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ. ಲವಕುಶರು ರಾಮನ ಸೇನೆಯ ಮೇಲೆ ಬಾಣ ಬಿಟ್ಟರೆಂದು ಸ್ಥಳಪುರಾಣ ಹೇಳುವ ಆವಣಿ ಬೆಟ್ಟ ಇದೇ ಸೀಮೆಯ ಮುಳಬಾಗಿಲು ತಾಲ್ಲೂಕಿನಲ್ಲೇ ಇದ್ದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಬೇಟೆಯ ಬಾಣ ನಮ್ಮಲ್ಲಿ ಕತೆಯ ಸರಕು. ಅದಕ್ಕಾಗಿ ಕೊರಗಬೇಕಿಲ್ಲ. ಒಂದು ಮಗ್ಗುಲ ಅಲಗಿನ ವಿದ್ಯೆ ಕಲಿಯಲು ಕೊಲ್ಲುವ ಮೊನೆಗಿಂತ ಕೂಡಿಸುವ ಚಾಕುವೇ ಕಟ್ಟುನಿಟ್ಟಿನ ಗುರು. ಅದರ ತಪ್ಪು ಬೇಗ ಹೊರಗೆ ಬೀಳುತ್ತದೆ: ಕೆಲವೇ ವಾರಗಳಲ್ಲಿ ಕಡ್ಡಿ ಚಿಗುರುತ್ತದೆ, ಇಲ್ಲವೇ ಕಪ್ಪಾಗುತ್ತದೆ.

ಮಸೆಯುವುದನ್ನು ನೋಡುವಾಗ ರಸಿಕರ ಕಣ್ಣು ಎಲ್ಲಿರಬೇಕು? ಚಾಕು ಹೊಸದಾದರೆ ಮೊದಲು ಸಪಾಟು ಮಗ್ಗುಲನ್ನು ಪೂರ್ತಿಯಾಗಿ ಕಲ್ಲಿನ ಮೇಲೆ ಮಲಗಿಸಿ ಉಜ್ಜುತ್ತಾರೆ. ಕಲ್ಲೇ ನಡುವೆ ಸವೆದು ತೊಟ್ಟಿಲಾಗಿದ್ದರೆ ಇಡೀ ಕೆಲಸ ನೀರಿನಲ್ಲಿ ಮಾಡಿದ ಹೋಮ. ಸಾವಿರ ಅಂಕಿಯ ಕಲ್ಲಿನಿಂದ ಶುರುಮಾಡಿ ನಯವಾದ ಕಲ್ಲಿಗೆ ಹೋದಾಗ, ಬಾಯಿಯ ಪಕ್ಕದ ಉಕ್ಕು ಕನ್ನಡಿಯಾಗುತ್ತದೆ. ಅದರಲ್ಲಿ ಕಿಟಕಿಯ ಸರಳಿನ ಬಿಂಬ ನೋಡಿ: ಸರಳು ನೇರ ಕಂಡರೆ ಮಗ್ಗುಲು ನೇರ, ಬಾಯಂಚಿನ ಹತ್ತಿರ ಸರಳು ಸೊಟ್ಟಗಾದರೆ ಅಲ್ಲಿ ಉಕ್ಕು ಬಾಗಿದೆ. ಆಮೇಲೆ ಇಳಿಜಾರು. ಅದರ ಇಡೀ ಪಟ್ಟಿಯನ್ನು ಕಲ್ಲಿಗೆ ಒರಗಿಸಿ, ಕೋನ ಕದಲದಂತೆ ಮಸೆದಾಗ ಸಪಾಟು ಮಗ್ಗುಲ ಕಡೆಗೆ ಕೂದಲಿಗಿಂತ ತೆಳುವಾದ ಲೋಹದ ಎಳೆಯೊಂದು ಏಳುತ್ತದೆ. ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಸವರಿದರೆ ತರಚಿದಂತಾಗುವುದು ಅದೇ. ಎಲ್ಲರೂ ಎಡವುವುದು ಇಲ್ಲಿ. ಎಳೆ ತೆಗೆಯುವ ಆತುರಕ್ಕೆ ಚಾಕು ಮಗುಚಿ, ಬೆನ್ನನ್ನು ಒಂದಿಷ್ಟೇ ಎತ್ತಿ, ಒಂದೆರಡು ಸಲ ಎಳೆದುಬಿಡುತ್ತಾರೆ. ಎಳೆ ಹೋಗುತ್ತದೆ, ಚಾಕು ಹರಿತವೂ ಆಗುತ್ತದೆ, ಕಾಗದ ಸರ್ರೆಂದು ಕೊಯ್ಯುತ್ತದೆ. ಆದರೆ ಸಪಾಟು ಮಗ್ಗುಲ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಎರಡನೆಯ ಇಳಿಜಾರು ಹುಟ್ಟಿರುತ್ತದೆ. ಇನ್ನು ಕಡ್ಡಿಯ ಮೇಲೆ ಮಗ್ಗುಲನ್ನು ಮಲಗಿಸಿದರೆ ಬಾಯಿ ಕಟ್ಟಿಗೆಗೆ ತಾಗುವುದೇ ಇಲ್ಲ. ಕೊಯ್ಯಬೇಕಾದರೆ ಕೈ ಎತ್ತಲೇಬೇಕು. ಆಸರೆ ಹೋಯಿತು. ಬಲ್ಲವರು ಮಗ್ಗುಲನ್ನು ಬೆನ್ನುಸಮೇತ ಕಲ್ಲಿಗೆ ಅಮರಿಸಿ, ಹಗುರವಾಗಿ ಒಂದೆರಡು ಸಲ ಎಳೆದು, ಮತ್ತೆ ಇಳಿಜಾರಿಗೆ ಬಂದು, ಕೊನೆಗೆ ತೊಗಲಿನ ಮೇಲೆ ಸವರುತ್ತಾರೆ. ಪರೀಕ್ಷೆಗೆ ಬಾಯಿಯನ್ನು ಬೆಳಕಿಗೆ ನೇರವಾಗಿ, ಕಣ್ಣಿಗೆ ಎದುರಾಗಿ ಹಿಡಿಯಬೇಕು. ಹರಿತವಾದ ಅಂಚು ಕಾಣುವುದೇ ಇಲ್ಲ; ಎಲ್ಲಿ ಬಿಳಿ ಚುಕ್ಕೆ ಮಿನುಗುತ್ತದೋ ಅಲ್ಲಿ ಮೊಂಡು.

ಇಷ್ಟೆಲ್ಲ ಯಾತಕ್ಕೆ, ಎಷ್ಟೋ ನರ್ಸರಿಗಳಲ್ಲಿ ಬ್ಲೇಡಿನಿಂದಲೇ ಕಸಿ ಕಟ್ಟುತ್ತಾರಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ಬ್ಲೇಡಿಗೆ ಎರಡೂ ಮಗ್ಗುಲಿಗೆ ಇಳಿಜಾರು, ಆದರೂ ಗಿಡ ಬದುಕುತ್ತದೆ. ವಾಟೆ ಕಸಿಯಲ್ಲಿ, ಎಂದರೆ ಮೊಳೆತು ಒಂದೆರಡು ವಾರವಾದ, ಇನ್ನೂ ತಾಮ್ರದ ಬಣ್ಣ ಮಾಸದ ಸಸಿಯ ಮೇಲೆ, ಬ್ಲೇಡೇ ಮೇಲು ಎಂದು ಒಪ್ಪಿಬಿಡುವುದು ಒಳ್ಳೆಯದು. ಅಲ್ಲಿ ಕಾಂಡ ಸೊಪ್ಪಿನಂತೆ ಮೆತ್ತಗಿರುತ್ತದೆ, ತೆಳ್ಳನೆಯ ಉಕ್ಕಿಗೆ ಎದುರು ನಿಲ್ಲುವುದೇ ಇಲ್ಲ. ಬಲಿತ ಕಡ್ಡಿಗೆ ಬಂದಾಗ ಲೆಕ್ಕ ಬದಲಾಗುತ್ತದೆ: ತೆಳು ಬ್ಲೇಡು ಒತ್ತಡಕ್ಕೆ ಬಾಗುತ್ತದೆ, ಬಾಗಿದ ಬ್ಲೇಡು ಬಾಗಿದ ಮುಖವನ್ನೇ ಕೊಯ್ಯುತ್ತದೆ. ಗಿಡ ಕ್ಷಮಿಸುತ್ತದೆ ಎಂಬುದು ನಿಜ. ಕ್ಷಮಿಸಬೇಕಾದ ಕೆಲಸವನ್ನು ಕಡಿಮೆ ಮಾಡುವುದೇ ಕುಶಲತೆ. ಇನ್ನೊಂದು ಆಕ್ಷೇಪವನ್ನು ಯಾರೂ ಎತ್ತದಿದ್ದರೂ ನಾವೇ ಎತ್ತಬೇಕು. ನಾಟಿ ಗಿಡದ ಕಾಂಡವನ್ನು ನಡುಮಧ್ಯೆ ಸೀಳುವಾಗ ಈ ಚಾಕು ಸೋಲುತ್ತದೆ. ಸೀಳಿನಲ್ಲಿ ಎರಡೂ ಕಡೆಯ ಕಟ್ಟಿಗೆ ಉಳಿಯಬೇಕಾದದ್ದು, ಚಕ್ಕೆಯೆಂಬುದೇ ಇಲ್ಲ. ಇಳಿಜಾರಿನ ಕಡೆಯ ಒತ್ತಡ ಅಲಗನ್ನು ಸಪಾಟಿನ ಕಡೆಗೆ ತಳ್ಳಿ ಸೀಳನ್ನು ಓರೆ ಮಾಡುತ್ತದೆ. ಅದಕ್ಕೆ ಎರಡೂ ಮಗ್ಗುಲಿಗೆ ಮಸೆದ ಅಲಗೇ ಸರಿ. ಶಿವಾರಪಟ್ಟಣದ ಶಿಲ್ಪಿಗಳ ಕಲ್ಲುಳಿಗೂ ಸಪಾಟು ಮಗ್ಗುಲ ನಿಯಮ ತಾಗುವುದಿಲ್ಲ, ಅದು ಕೊಯ್ಯುವುದಿಲ್ಲ, ಸಿಡಿಸುತ್ತದೆ. ಒಂದು ಮಗ್ಗುಲ ಅಲಗನ್ನು ಮೆಚ್ಚುವವರು ಅದನ್ನು ಸರ್ವರೋಗದ ಮದ್ದೆಂದು ಮಾರಲು ಹೊರಡಬಾರದು.

ಎಡಗೈಯವರಿಗೆ ಬೇರೆಯೇ ಚಾಕು ಬೇಕಾಗುತ್ತದೆ. ಬಲಗೈಯವರ ಚಾಕುವಿನಲ್ಲಿ ಅವರ ಕಡ್ಡಿಯ ಕಡೆಗೆ ಬರುವುದು ಇಳಿಜಾರು. ಇದನ್ನು ಕೊರತೆಯೆನ್ನುವವರಿದ್ದಾರೆ. ಕೈಗೆ ತಕ್ಕಂತೆ ಪಕ್ಷ ವಹಿಸುವ ಹತ್ಯಾರು ಎರವಲಿಗೆ ಹೋಗುವುದು ಕಡಿಮೆ ಎಂಬ ಲಾಭವೂ ಉಂಟು. ಮಾವಿನ ಸೊನೆ ಉಕ್ಕಿಗೆ ಅಂಟಿ ಕರೆಗಟ್ಟುವುದರಿಂದ ಕಡ್ಡಿ ಕಡ್ಡಿಗೂ ಒರೆಸಬೇಕು. ಒರೆಸುವ ಬಟ್ಟೆ ಮೊದಲು ಹೋಗಬೇಕಾದದ್ದು ಸಪಾಟು ಮಗ್ಗುಲಿಗೆ. ಹಳೆಯ ಚಾಕು ಸಿಕ್ಕರೆ ಬಿಡದೆ ನೋಡಿ. ವರ್ಷಾನುಗಟ್ಟಲೆ ಮಸೆದು ಮಸೆದು ಅಲಗಿನ ಅಗಲ ಅರ್ಧವಾಗಿರುತ್ತದೆ, ಇಳಿಜಾರು ಬಾಯಿಂದ ಬೆನ್ನಿನ ಕಡೆಗೆ ಸರಿದಿರುತ್ತದೆ, ಹಿಡಿ ಬಿರುಕು ಬಿಟ್ಟಿರುತ್ತದೆ. ಮಗುಚಿ ಕಿಟಕಿಯ ಕಡೆಗೆ ಹಿಡಿಯಿರಿ. ಒಳ್ಳೆಯ ಕೈಯಲ್ಲಿ ಸವೆದ ಚಾಕುವಾದರೆ, ಉಳಿದ ಆ ಬೆರಳಗಲ ಉಕ್ಕಿನಲ್ಲಿ ಸರಳು ಇನ್ನೂ ನೇರ ಕಾಣುತ್ತದೆ.