ಪ್ಲೇಗು, ಪುಲಿಕೇಶಿನಗರ ಮತ್ತು ಒಂದು ಹಳೆಯ ಗ್ರಂಥ

ವೈದ್ಯಶಾಸ್ತ್ರದ ಇತಿಹಾಸವೆಂದರೆ ಔಷಧಗಳ ಇತಿಹಾಸವೆಂದೇ ಬಹುಜನರ ಭಾವನೆ. ರೋಗಕ್ಕೆ ಅಂಜಿದ ಜನ ಎಲ್ಲಿಗೆ ಹೋದರು, ಆಳುವವರು ಏನು ಮಾಡಿದರು, ಊರು ಹೇಗೆ ಮಾರ್ಪಟ್ಟಿತು ಎಂಬುದೂ ಆ ಇತಿಹಾಸದ ಅಂಗವೇ. ಬೆಂಗಳೂರು ದಂಡಿನ ಪ್ರದೇಶದ ಪುಲಿಕೇಶಿನಗರ ಇದಕ್ಕೆ ನಿದರ್ಶನ. ಮೈಸೂರಿನ ರೆಸಿಡೆಂಟರಾಗಿದ್ದ ಸ್ಟುವರ್ಟ್ ಫ್ರೇಜರರ ಹೆಸರು ಹೊತ್ತು ಫ್ರೇಜರ್ ಟೌನ್ ಎನಿಸಿದ ಈ ಬಡಾವಣೆ 20ನೆಯ ಶತಮಾನದ ಮೊದಲ ದಶಕದಲ್ಲಿ, ಪ್ಲೇಗಿನ ಭೀತಿಯ ನೆರಳಿನಲ್ಲಿ ತಲೆಯೆತ್ತಿತು.

ಇಂಜಿನಿಯರ್ ಜೆ. ಎಚ್. ಸ್ಟೀಫನ್ಸರು 1914ರಲ್ಲಿ ಆಂಗ್ಲಭಾಷೆಯಲ್ಲಿ ಪ್ರಕಟಿಸಿದ ಗ್ರಂಥ ಈ ವಿಷಯದಲ್ಲಿ ಮುಖ್ಯ ಆಧಾರ. ಪ್ಲೇಗು ಹೊಗಲಾರದಂತಹ ನಗರಯೋಜನೆ ಎಂಬುದು ಅದರ ಹೆಸರಿನ ತಾತ್ಪರ್ಯ. ಈಗ ಅದು ದುರ್ಲಭ ಪುಸ್ತಕ. ಇಲಿಗೆ ನೆಲೆಗೊಡದ ಮನೆಯೇ ರೋಗಕ್ಕೆ ಮೊದಲ ತಡೆ ಎಂಬ ವಿಚಾರ ಅದರ ಜೀವಾಳ. ಗೋಡೆ, ನೆಲ, ಬೀದಿಗಳನ್ನು ಚಿಕಿತ್ಸೆಯ ಸಾಧನಗಳಂತೆ ಕಂಡ ಈ ದೃಷ್ಟಿ ಶ್ಲಾಘನೀಯ.

ಆದರೆ ಗ್ರಂಥವನ್ನು ಅದರ ಕಾಲದಲ್ಲಿಟ್ಟು ಓದಬೇಕು. ಬೆಂಗಳೂರಿಗೆ ಪ್ಲೇಗು ಬಂದುದು 1898ರ ಆಗಸ್ಟಿನಲ್ಲಿ. ರೋಗಾಣುವನ್ನು ಯೆರ್ಸಿನ್ 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದನು. ಇಲಿಯ ಚಿಗಟವೇ ರೋಗವಾಹಕವೆಂದು ಸಿಮಾಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿದನಾದರೂ ವಿದ್ವಾಂಸರು ಅದನ್ನು ಕೂಡಲೆ ಒಪ್ಪಲಿಲ್ಲ. ಮುಂದಿನ ದಶಕದಲ್ಲಿ ಮುಂಬಯಿಯಲ್ಲಿ ನಡೆದ ಸಂಶೋಧನೆಗಳಿಂದ ಅದು ದೃಢವಾಯಿತು. ಆದುದರಿಂದ 1898ರ ಅಧಿಕಾರಿಗಳು ಪ್ರಯಾಣಿಕರನ್ನು ತಡೆದು ಪರೀಕ್ಷಿಸಿದುದು, ಮನೆಗಳನ್ನು ತೆರವು ಮಾಡಿಸಿ ಶುದ್ಧಿಗೊಳಿಸಿದುದು ಬರಿಯ ದರ್ಪವೂ ಅಲ್ಲ, ಪೂರ್ಣ ವಿವೇಕವೂ ಅಲ್ಲ. ಅರ್ಧ ತಿಳಿವಳಿಕೆಯ ಕಾಲದ ಕಾರ್ಯ. ಸ್ಟೀಫನ್ಸರ ಗ್ರಂಥವಾದರೋ ಆ ತಿಳಿವಳಿಕೆ ಬೆಳೆದ ಮೇಲಿನದು. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಎರಡನೆಯ ವಿಮರ್ಶೆ ಗ್ರಂಥದ ಹೆಸರಿಗೇ ಸಂಬಂಧಿಸಿದುದು. ಪ್ಲೇಗು ಹೊಗದ ಊರೆಂಬುದು ದೊಡ್ಡ ಪ್ರತಿಜ್ಞೆ. ಅದು ನೆರವೇರಿತೇ ಎಂಬುದನ್ನು ಊರು ಕಟ್ಟಿದವರ ಮಾತಿನಿಂದಷ್ಟೇ ನಿರ್ಣಯಿಸಲಾಗದು. ಹೊಸ ಬಡಾವಣೆಗೆ ಹೋಗಬಲ್ಲವರು ಕೈಯಲ್ಲಿ ನಾಲ್ಕು ಕಾಸಿದ್ದವರು. ಹಳೆಯ ಕೇರಿಯ ಇಕ್ಕಟ್ಟಿನಲ್ಲಿ ಉಳಿದವರು ಬಡವರು. ಮನೆಯ ರಚನೆ ಕಾಪಾಡಿತೋ, ಸ್ಥಿತಿವಂತಿಕೆ ಕಾಪಾಡಿತೋ? ಎರಡೂ ಕಡೆಯ ಮರಣದ ಲೆಕ್ಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಲ್ಲದೆ ಉತ್ತರ ದೊರೆಯದು.

ಇಲ್ಲಿಯೇ ಪತ್ರಾಗಾರಗಳ ಅಗತ್ಯ ಕಾಣುವುದು. ಪೇಟೆ ಮಹಾರಾಜರ ಆಡಳಿತಕ್ಕೆ, ದಂಡು ಬ್ರಿಟಿಷ್ ರೆಸಿಡೆಂಟರ ಆಡಳಿತಕ್ಕೆ ಸೇರಿದ್ದವು; ದಂಡು ಮೈಸೂರಿಗೆ ಮರಳಿದುದು 1947ರಲ್ಲಿ. ರೋಗವು ಆ ಗಡಿಯನ್ನು ಲೆಕ್ಕಿಸದಿದ್ದರೂ ಕಾಗದಪತ್ರಗಳು ಎರಡಾಗಿ ಒಡೆದವು. ಮೈಸೂರು ಸರಕಾರದ ಕಡತಗಳನ್ನು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿಯೂ ರೆಸಿಡೆನ್ಸಿಯ ಕಡತಗಳನ್ನು ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದಲ್ಲಿಯೂ ಅರಸಬೇಕು. ಬ್ರಿಟಿಷ್ ಭಾರತದ ವೈದ್ಯಕೀಯ ವರದಿಗಳು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಇಂದು ಅವನ್ನು ಮನೆಯಲ್ಲಿ ಕುಳಿತೇ ಗಣಕದಲ್ಲಿ ಓದಬಹುದು.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಈ ಕಡತಗಳಲ್ಲಿ ಅಧಿಕಾರಿಯ ದನಿ ಕೇಳುವಷ್ಟು ರೋಗಿಯ ದನಿ ಕೇಳುವುದಿಲ್ಲ. ಊರು ಬಿಟ್ಟು ಹೊಲದ ಗುಡಿಸಲಲ್ಲಿ ತಿಂಗಳುಗಟ್ಟಲೆ ಕಳೆದವರು, ಮಕ್ಕಳನ್ನು ಕಳೆದುಕೊಂಡ ತಾಯಂದಿರು, ನಾಡಿ ನೋಡಿದ ಊರ ವೈದ್ಯರು ಏನೆಂದುಕೊಂಡರು? ಅದರ ಕುರುಹು ಇದ್ದರೆ ಅದು ಮನೆಯ ಅಟ್ಟದ ಮೇಲಿನ ಲೆಕ್ಕದ ಪುಸ್ತಕದಲ್ಲಿ, ಹಳೆಯ ಓಲೆಯಲ್ಲಿ, ಮಠಗಳ ವೈದ್ಯದ ಕಟ್ಟುಗಳಲ್ಲಿ ಇರಬೇಕು. ಕೀರ್ತಿವರ್ಮನ ‘ಗೋವೈದ್ಯ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ಗಳು ನಮಗೆ ದೊರೆತುದು ಯಾರೋ ಓಲೆಗರಿಗಳನ್ನು ಗೆದ್ದಲಿಗೆ ಬಿಡದೆ ಕಾಯ್ದುದರಿಂದ.

ಸ್ಟೀಫನ್ಸರ ಗ್ರಂಥವನ್ನು ಓದಬೇಕು, ಆದರೆ ಅದೊಂದನ್ನೇ ನಂಬಬಾರದು. ಸದ್ಭಕ್ತರು ಮನೆಯಲ್ಲಿನ ಹಳೆಯ ಕಾಗದಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಓದಿ ನೋಡಲಿ. ಓದಲಾಗದಿದ್ದರೆ ಓದಬಲ್ಲವರಿಗೆ ಒಪ್ಪಿಸಲಿ.