ಯಾರೂ ಜೆರಾಕ್ಸ್ ಮಾಡಿಸದ ಪುಟ

ಗೇಲ್ ಲಾಕ್‌ಮನ್ ಮೆಕ್‌ಡವೆಲ್ ಬರೆದ ‘ಕ್ರ್ಯಾಕಿಂಗ್ ದ ಕೋಡಿಂಗ್ ಇಂಟರ್‌ವ್ಯೂ’ ನಮ್ಮ ಇಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಪಂಚಾಂಗ ಇದ್ದ ಹಾಗೆ. ಓದ್ತಾರೋ ಬಿಡ್ತಾರೋ, ರೂಮಿಗೊಂದು ಇರಬೇಕು. ಕೆಲಸ ಬದಲಾಯಿಸೋ ನಮ್ಮಂಥವರು ಅದನ್ನ ತಿರುವಿ ಹಾಕೋದು ಸಹಜ. ಈಗ ನಮ್ಮೂರ ಕಡೆ ಹುಡುಗರು ಮೂರನೇ ಸೆಮಿಸ್ಟರಿಗೇ ಪಿಡಿಎಫ್ ಹಿಡ್ಕೊಂಡು ಫೋನ್ ಮಾಡ್ತಾರೆ: “ಅಣ್ಣ, ದಿನಕ್ಕೆ ಎರಡು ಪ್ರಾಬ್ಲಮ್ ಮಾಡಿದ್ರೆ ಸಾಕಾ?” ಪುಸ್ತಕವನ್ನ ಅವರ ಕಣ್ಣಲ್ಲಿ ಒಮ್ಮೆ ನೋಡಬೇಕು ಅನ್ನಿಸಿದ್ದು ಅದಕ್ಕೇ.

ಮೊದಲು ಒಳ್ಳೇದು ಹೇಳಿಬಿಡ್ತೀನಿ. 2008ರಲ್ಲಿ ಮೊದಲು ಬಂದ ಈ ಪುಸ್ತಕದ ಆರನೇ ಆವೃತ್ತಿಯಲ್ಲಿ 189 ಪ್ರಶ್ನೆಗಳಿವೆ. ಪ್ರಶ್ನೆಗಳಿಗಿಂತ ನನಗೆ ಇಷ್ಟವಾದದ್ದು ಸುಳಿವು ಕೊಡುವ ರೀತಿ. ಒಂದು ಪ್ರಶ್ನೆಯ ಸುಳಿವುಗಳನ್ನು ಪುಸ್ತಕದ ಹಿಂಭಾಗದಲ್ಲಿ ಬೇರೆ ಬೇರೆ ನಂಬರಿನಡಿ ಚದುರಿಸಿಟ್ಟಿದ್ದಾರೆ. ಒಂದು ಸುಳಿವು ನೋಡಿದರೆ ಮುಂದಿನದು ಕಣ್ಣಿಗೆ ಬೀಳಲ್ಲ, ಮತ್ತೆ ತಲೆ ಕೆರ್ಕೊಂಡು ಕೂರಲೇಬೇಕು. ಬಿಗ್ ಓ ಅಧ್ಯಾಯವಂತೂ ಎಷ್ಟೋ ಪಠ್ಯಪುಸ್ತಕಗಳಿಗಿಂತ ಚೆನ್ನಾಗಿದೆ.

ಆದರೆ ಇದು ಡೇಟಾ ಸ್ಟ್ರಕ್ಚರ್ಸ್ ಕಲಿತಾದವರಿಗೆ ಬರೆದದ್ದು. ಉತ್ತರಗಳು ಜಾವಾದಲ್ಲಿವೆ. ನಮ್ಮ ವಿಟಿಯು ಹುಡುಗ ಅದೇ ಸೆಮಿಸ್ಟರಿನಲ್ಲಿ ಸಿ ಭಾಷೆಯ ಪಾಯಿಂಟರ್ ಜೊತೆ ಗುದ್ದಾಡ್ತಾ ಲಿಂಕ್ಡ್ ಲಿಸ್ಟ್ ಕಲೀತಿರ್ತಾನೆ. ಪಕ್ಕದಲ್ಲಿ ಎಂ-ತ್ರೀ ಗಣಿತ ಕಾಯ್ತಿರುತ್ತೆ. ಕ್ಯಾಂಪಸ್ಸಿಗೆ ಬರುವ ಎಷ್ಟೋ ಕಂಪನಿಗಳು ಮೊದಲು ಕೇಳೋದು ಹತ್ತನೇ ಕ್ಲಾಸು, ಪಿಯುಸಿ, ಬಿಇ ಮೂರರಲ್ಲೂ 60 ಪರ್ಸೆಂಟ್ ಇದೆಯಾ, ಬ್ಯಾಕ್‌ಲಾಗ್ ಇದೆಯಾ ಅಂತ. ಈ ಬಾಗಿಲಿನ ಸುದ್ದಿ ಪುಸ್ತಕದಲ್ಲಿಲ್ಲ. ಅಮೆರಿಕದ ದೊಡ್ಡ ಕಂಪನಿಗಳನ್ನ ಮನಸ್ಸಲ್ಲಿಟ್ಟು ಬರೆದದ್ದು, ತಪ್ಪೇನಲ್ಲ. ಎಂ-ತ್ರೀ ಬಿಟ್ಟು ಇದನ್ನ ಓದು ಅಂತ ಸಲಹೆ ಕೊಡೋ ಸೀನಿಯರ್‌ಗಳ ಮೇಲೆ ಮಾತ್ರ ನನಗೆ ಕೋಪ.

ಎರಡನೇ ವರ್ಷದವರಿಗೆ ನಿಜವಾಗಿ ಬೇಕಾದ್ದು ಇದರಲ್ಲಿ ಒಂದಿದೆ, ಅದನ್ನ ಯಾರೂ ಜೆರಾಕ್ಸ್ ಮಾಡಿಸಲ್ಲ. ಬಿಹೇವಿಯರಲ್ ಪ್ರಶ್ನೆಗಳ ಅಧ್ಯಾಯದಲ್ಲಿ ಒಂದು ಕೋಷ್ಟಕ. ಮೇಲೆ ನಿಮ್ಮ ಪ್ರಾಜೆಕ್ಟುಗಳ ಹೆಸರು. ಪಕ್ಕದಲ್ಲಿ ಎದುರಾದ ಸವಾಲು, ಆದ ತಪ್ಪು, ಖುಷಿ ಕೊಟ್ಟದ್ದು, ಮುಂದಾಳತ್ವ, ಜಗಳ, ಮತ್ತೆ ಮಾಡಿದರೆ ಬೇರೆ ಏನು ಮಾಡ್ತೀರಿ. ಇಂಟರ್‌ವ್ಯೂಗೆ ಮುಂಚೆ ತುಂಬಿಸ್ಕೊಳ್ಳಿ ಅಂತಾರೆ ಲೇಖಕಿ. ನಾನು ಹೇಳೋದು, ಮೂರನೇ ಸೆಮಿಸ್ಟರಿನಲ್ಲೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೀರಿ. ಖಾಲಿ ಕಾಣುತ್ತೆ, ಕಾಣಲಿ. ಆ ಖಾಲಿ ಜಾಗ ತುಂಬೋಕೆ ಇನ್ನೂ ಸಮಯ ಇದೆಯಲ್ಲ.

ನಾನೀಗ ಟೇಬಲ್ಲಿನ ಈಚೆ ಕಡೆ ಕೂರ್ತೀನಿ. ಲಿಂಕ್ಡ್ ಲಿಸ್ಟ್ ತಿರುಗಿಸೋದನ್ನ ಮಗ್ಗಿ ಥರ ಒಪ್ಪಿಸಿದವರನ್ನ “ನಿಮ್ಮ ಪ್ರಾಜೆಕ್ಟಿನಲ್ಲಿ ಏನು ಕೈಕೊಡ್ತು?” ಅಂತ ಕೇಳಿದರೆ ಎಷ್ಟೋ ಸಲ ಮೌನ. ದುಡ್ಡು ಕೊಟ್ಟು ತಂದ ಪ್ರಾಜೆಕ್ಟಿನಲ್ಲಿ ಏನೂ ಕೈಕೊಡಲ್ಲ, ಪಾಪ.

ಪುಸ್ತಕ ಸೋಲೋದೂ ಇಲ್ಲೇ. ಮುಂದಾಳತ್ವ, ಜಗಳ ಅನ್ನೋ ಮಾತುಗಳನ್ನ ಆಫೀಸು ಕಂಡವರ ಭಾಷೆಯಲ್ಲಿ ಹೇಳಿ ಮುಂದೆ ಹೋಗುತ್ತೆ. ಡೈರಿಯ ಹಾಲಿನ ಲೆಕ್ಕ ಎಕ್ಸೆಲ್‌ಗೆ ಹಾಕಿಕೊಟ್ಟ ಹುಡುಗಿಗೆ ಅದೂ ಪ್ರಾಜೆಕ್ಟೇ ಅಂತ ಹೇಳೋರಿಲ್ಲ. ಫ್ಯಾಟ್ ರೀಡಿಂಗ್ ತಪ್ಪು ಅಂತ ತಕರಾರು ತೆಗೆದವರನ್ನ ಅವಳು ಸಮಾಧಾನ ಮಾಡಿದ್ದು ‘ಜಗಳ’ದ ಸಾಲಿಗೆ ಹೇಳಿ ಮಾಡಿಸಿದ ಉತ್ತರ. ರೆಸ್ಯೂಮೆಯಲ್ಲಿ ಅವಳು ಅದನ್ನ ಬರೆಯೋದೇ ಇಲ್ಲ; ‘ಹಾಬೀಸ್: ಲಿಸನಿಂಗ್ ಟು ಮ್ಯೂಸಿಕ್’ ಅಂತ ಬರೀತಾಳೆ.

ಮುಂದಿನ ಆವೃತ್ತಿ ಬಂದರೆ ಆ ಕೋಷ್ಟಕಕ್ಕೆ ಇನ್ನೊಂದಿಪ್ಪತ್ತು ಪುಟ ಕೊಡಲಿ. ಅದಕ್ಕಾಗಿ ಬಿಟ್ ಮ್ಯಾನಿಪ್ಯುಲೇಷನ್‌ನ ನಾಲ್ಕು ಪ್ರಶ್ನೆ ಕಿತ್ತುಹಾಕಿದರೂ ನನ್ನ ತಕರಾರಿಲ್ಲ.